ಮಕ್ಕಳ ಫುಟ್‌ಬಾಲ್ ಸೆಲೆಕ್ಷನ್: ದೊಡ್ಡ ಕ್ಲಬ್ಬಾ, ಟರ್ಫ್ ಅಕಾಡೆಮಿಯಾ, ಏರಿಯಾ ಕ್ಲಬ್ಬಾ?

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕೋಚಿಂಗ್ ನೋಡಿದರೆ ದೊಡ್ಡ ಕ್ಲಬ್ಬು. ಆಫೀಸು, ಟ್ರಾಫಿಕ್ಕು, ಟ್ಯೂಷನ್ ಎಲ್ಲ ತೂಗಿಸಬೇಕು ಅಂದರೆ ಟರ್ಫ್ (ಕೃತಕ ಹುಲ್ಲಿನ ಗ್ರೌಂಡ್) ಅಕಾಡೆಮಿ. ಮಗುವಿಗೆ ನಿಜವಾದ ಮ್ಯಾಚ್ ಸಿಗಬೇಕು ಅಂದರೆ ಹಳೇ ಏರಿಯಾ ಕ್ಲಬ್ಬು. ನಾವು ನಿಂತಿದ್ದು ಮೂರನೆಯದರಲ್ಲಿ, ಅದೂ ಬಿ ಟೀಮಿನಲ್ಲಿ.

ಮಗನಿಗೆ ಹನ್ನೆರಡು. ನಮ್ಮನೆ ಬೆಂಗಳೂರಿನ ಜಯನಗರ. ಅವನು ನವೆಂಬರಲ್ಲಿ ಹುಟ್ಟಿದವನು, ಇದನ್ನು ಹೇಳಲೇಬೇಕು. ಇಲ್ಲಿ ಅಂಡರ್-13 ಅಂದರೆ ವಯಸ್ಸಿನ ಲೆಕ್ಕ ಜನವರಿ 1ರಿಂದ. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡವನು, ಆದರೂ ಇಬ್ಬರೂ ಒಂದೇ ಸಾಲಲ್ಲಿ ನಿಲ್ಲಬೇಕು. ಈ ವಯಸ್ಸಲ್ಲಿ ಹತ್ತು ತಿಂಗಳು ಅಂದರೆ ಸುಮ್ನೆ ಅಲ್ಲ. ಪಕ್ಕ ನಿಂತರೆ ನನ್ನ ಮಗ ಅವರ ತಮ್ಮನ ಹಾಗೆ ಕಾಣುತ್ತಾನೆ.

ಮೊದಲು ಹೋಗಿದ್ದು ದೊಡ್ಡ ಪ್ರೊಫೆಷನಲ್ ಕ್ಲಬ್ಬಿನ ಯೂತ್ ಟ್ರಯಲ್ಸಿಗೆ. ವ್ಯವಸ್ಥೆ ಬಗ್ಗೆ ಎರಡು ಮಾತಿಲ್ಲ. ಎದೆಗೆ ನಂಬರ್, ಕೈಯಲ್ಲಿ ಪಟ್ಟಿ ಹಿಡಿದ ಕೋಚ್‌ಗಳು, ಸ್ವಲ್ಪ ವಾರ್ಮಪ್, ಆಮೇಲೆ ನೇರವಾಗಿ ಏಳು ಜನರ ಸಣ್ಣ ಮ್ಯಾಚು. ಇದು ನನಗೆ ತುಂಬಾ ಹಿಡಿಸಿತು. ಚೆಂಡು ಬರುವ ಮುಂಚೆ ಹುಡುಗ ತಲೆ ಎತ್ತಿ ಆಚೀಚೆ ನೋಡುತ್ತಾನಾ, ಚೆಂಡು ಕಳೆದುಕೊಂಡ ಮೇಲೆ ನಿಂತುಬಿಡುತ್ತಾನಾ ಇಲ್ಲ ಹಿಂದೆ ಓಡುತ್ತಾನಾ ಅನ್ನೋದು ಮ್ಯಾಚಲ್ಲಿ ಮಾತ್ರ ಗೊತ್ತಾಗೋದು ಅಲ್ವಾ. ಯಾವ ಪೊಸಿಷನ್ ಅಂತ ಕೇಳಿದರೆ ಬಂದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಸ್ಟ್ರೈಕರ್! ಒಬ್ಬ ಎಡಗಾಲಿನ ಹುಡುಗ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಅಂದ ತಕ್ಷಣ ಕೋಚ್ ತಲೆಯೆತ್ತಿ ನೋಡಿದರು. ನಿಮ್ಮ ಮಗು ಎಡಗಾಲಲ್ಲಿ ಆಡಿದರೆ ದಯವಿಟ್ಟು ಬಲಗಾಲಿಗೆ ತಿರುಗಿಸಬೇಡಿ.

ತೊಂದರೆ ಏನು ಅಂದರೆ ಸಮಯ. ಅಷ್ಟೊಂದು ಮಕ್ಕಳು, ಒಬ್ಬೊಬ್ಬರಿಗೂ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಮೊದಲು ಕಣ್ಣಿಗೆ ಬೀಳೋದು ಎತ್ತರ, ಓಟ, ಭುಜ. ಅಂದರೆ ಜನವರಿ ಹುಡುಗರು. ರಿಸಲ್ಟ್ ಕೂಡ ಹಾಗೇ, ಆಯ್ಕೆಯಾದರೆ ಮೇಲ್ ಬರುತ್ತದೆ, ಇಲ್ಲದಿದ್ದರೆ ಏನೂ ಬರಲ್ಲ. ನಮಗೆ ಬರಲಿಲ್ಲ. ಯಾಕೆ ಅಂತ ಒಂದು ಸಾಲು ಬರೆದಿದ್ದರೂ ಹುಡುಗ ಅದನ್ನು ಹಿಡಿದು ಕೆಲಸ ಮಾಡುತ್ತಿದ್ದ.

ಟರ್ಫ್ ಅಕಾಡೆಮಿಯಲ್ಲಿ ಇದರ ಪೂರ್ತಿ ಉಲ್ಟಾ. ಅಲ್ಲಿ ಯಾರೂ ಫೇಲ್ ಆಗಲ್ಲ. ಟ್ರಯಲ್ ಅಂತ ಕರೆಯುತ್ತಾರೆ, ನಿಜಕ್ಕೂ ಅದು ಅಡ್ಮಿಷನ್. ಕೋನ್‌ಗಳ ನಡುವೆ ಡ್ರಿಬಲ್ ಮಾಡಿಸಿ ಸ್ಟಾಪ್‌ವಾಚ್ ಹಿಡಿಯುತ್ತಾರೆ, ಆಮೇಲೆ ಬಿಗಿನರ್, ಇಂಟರ್‌ಮೀಡಿಯೇಟ್, ಎಲೈಟ್ ಅಂತ ಬ್ಯಾಚು. ಎಲೈಟಿಗೆ ಫೀಸ್ ಜಾಸ್ತಿ. ನನ್ನ ಮಗ ಎಲೈಟಿಗೆ ಬಂದ, ಮನೆಯಲ್ಲಿ ಎರಡು ದಿನ ನೆಲದ ಮೇಲೆ ಕಾಲೇ ಇಡಲಿಲ್ಲ. ಆದರೆ ಕೋನ್ ಯಾವತ್ತೂ ಎದುರು ಬಂದು ಚೆಂಡು ಕಸಿಯಲ್ಲವಲ್ಲ. ವಾರದಲ್ಲಿ ಸಿಗುವ ಮ್ಯಾಚು ಕೊನೆಯ ಹದಿನೈದು ನಿಮಿಷ, ಐದೈದು ಜನ, ಬಲೆ ಕಟ್ಟಿದ ಪುಟ್ಟ ಜಾಗ. ಚೆಂಡು ಬಲೆಗೆ ಬಡಿದು ವಾಪಸ್ ಬರುತ್ತದೆ, ಥ್ರೋ-ಇನ್ ಅನ್ನೋದೇ ಇಲ್ಲ. ಹೊರಗಿನ ಟೂರ್ನಮೆಂಟಿಗೆ ಹೋದರೆ ಎಂಟ್ರಿ ಫೀಸ್ ಬೇರೆ.

ಆದರೂ ಬೈಯೋಕೆ ಮನಸ್ಸಿಲ್ಲ. ಲೈಟ್ ಇದೆ, ಸಂಜೆ ಏಳಕ್ಕೂ ಆಡಬಹುದು. ಮನೆಗೆ ಹತ್ತಿರ. ಟಾಯ್ಲೆಟ್ ಇದೆ, ಕುಡಿಯೋ ನೀರಿದೆ. ಕೋಚ್ ಹುಡುಗರಿಗೆ ಹೆಸರು ಹಿಡಿದು ಮಾತಾಡಿಸುತ್ತಾರೆ. ಈಗಷ್ಟೇ ಶುರು ಮಾಡಿದ ಎಂಟು ವರ್ಷದ ಮಗುವಾದರೆ ಕಣ್ಣುಮುಚ್ಚಿ ಇಲ್ಲಿಗೇ ಕಳಿಸಿ. ಶೂ ಮಾತ್ರ ನೋಡಿ ತಗೊಳ್ಳಿ, ಟರ್ಫಿಗೆ ಚಿಕ್ಕ ಚಿಕ್ಕ ರಬ್ಬರ್ ಸ್ಟಡ್ ಇರೋದು ಬೇಕು. ಮಣ್ಣಿಗೋ ಹುಲ್ಲಿಗೋ ಅಂತ ಮಾಡಿದ ಉದ್ದ ಸ್ಟಡ್ಡು ಅಲ್ಲಿ ಸಿಕ್ಕಿಹಾಕಿಕೊಂಡರೆ ಮಂಡಿ ತಿರುಚುತ್ತದೆ.

ಏರಿಯಾ ಕ್ಲಬ್ಬು ಹಲಸೂರಿನ ಕಡೆ. ಈ ಊರಿನ ಫುಟ್‌ಬಾಲ್ ಬೆಳೆದದ್ದೇ ಆ ಕಡೆ, ಹಲಸೂರು, ಆಸ್ಟಿನ್ ಟೌನ್ ಗಲ್ಲಿಗಳಲ್ಲಿ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತಾಗ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಮೇಲೆ 2023ರಲ್ಲಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಅಲ್ಲಿನ ಮುದುಕರು ಅದು ತಮ್ಮ ಮನೆ ಮದುವೆ ಅನ್ನೋ ಹಾಗೆ ಮಾತಾಡುತ್ತಿದ್ದರಂತೆ.

ಅಲ್ಲಿ ಟ್ರಯಲ್ಸ್ ದಿನ ಅಂತಲೇ ಇಲ್ಲ. "ನಾಲ್ಕು ವಾರ ಬಿಡಿಮ್ಮಾ, ಹುಡುಗರ ಜೊತೆ ಆಡ್ಲಿ, ಆಮೇಲೆ ಹೇಳ್ತೀನಿ" ಅಂದರು ಕೋಚ್. ವಯಸ್ಸಾದವರು, ಚಪ್ಪಲಿಯಲ್ಲೇ ನಿಂತು ನೋಡುತ್ತಾರೆ. ಪಟ್ಟಿಯೂ ಇಲ್ಲ, ಪೆನ್ನೂ ಇಲ್ಲ. ಆದರೆ ನಾಲ್ಕು ವಾರದ ನಂತರ ನನ್ನ ಮಗನ ಬಗ್ಗೆ ಅವರು ಹೇಳಿದ್ದು ಕೇಳಿ ನನಗೇ ಆಶ್ಚರ್ಯ. ಪಾಸ್ ಚೆನ್ನಾಗಿದೆ, ಆದರೆ ಮೈ ತಾಗಿದರೆ ಹಿಂದೆ ಸರಿಯುತ್ತಾನೆ, ಸುಸ್ತಾದಾಗ ಎಡಗಡೆ ನೋಡೋದೇ ಇಲ್ಲ. "ಬಿ ಟೀಮಲ್ಲಿ ಪೂರ್ತಿ ಮ್ಯಾಚ್ ಆಡ್ಲಿ. ಎ ಟೀಮಲ್ಲಿ ಬೆಂಚಲ್ಲಿ ಕೂತು ಏನ್ ಕಲೀತಾನೆ?"

ಟೀಮ್ ಹಾಕುವ ವಿಷಯದಲ್ಲಿ ಮೂರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ದೊಡ್ಡ ಕ್ಲಬ್ಬಿನಲ್ಲಿ ಬಾಗಿಲು ಮುಚ್ಚಿದರೆ ಮತ್ತೆ ಮುಂದಿನ ಸೀಸನ್. ಅಕಾಡೆಮಿಯಲ್ಲಿ ಬ್ಯಾಚ್ ಬದಲಾಗೋದು ಹೆಚ್ಚಾಗಿ ಫೀಸ್ ರಿನ್ಯೂ ಮಾಡುವಾಗ. ಏರಿಯಾ ಕ್ಲಬ್ಬಿನಲ್ಲಿ ಮಾತ್ರ ಭಾನುವಾರ ಚೆನ್ನಾಗಿ ಆಡಿದವನು ಮುಂದಿನ ವಾರ ಮೇಲಿನ ಟೀಮಲ್ಲಿ, ಸೋಮಾರಿತನ ಮಾಡಿದವನು ಕೆಳಗೆ. ಹುಡುಗರಿಗೂ ಅದು ಅವಮಾನ ಅನಿಸಲ್ಲ, ಯಾಕಂದರೆ ಎಲ್ಲರೂ ಹತ್ತಿ ಇಳಿದವರೇ. ಇನ್ನೊಂದು, ಮಕ್ಕಳ ಫುಟ್‌ಬಾಲಲ್ಲಿ ಅಸೋಸಿಯೇಷನ್ ಒಪ್ಪಿದರೆ ಹೊರಗೆ ಬಂದವನನ್ನು ಅದೇ ಮ್ಯಾಚಲ್ಲಿ ಮತ್ತೆ ಆಟಕ್ಕೆ ಇಳಿಸಬಹುದು ಅಂತ ಆಟದ ನಿಯಮದಲ್ಲೇ ಇದೆ. ಈ ಕೋಚ್ ಅದನ್ನು ಬಳಸುತ್ತಾರೆ, ಯಾರೂ ಇಡೀ ಮ್ಯಾಚ್ ಕೂತಿರಲ್ಲ. ಸೆಲೆಕ್ಷನ್‌ಗೆ ಹೋದಾಗ ಫೀಸ್ ಕೇಳುವ ಮುಂಚೆ ಈ ಎರಡನ್ನು ಕೇಳಿ: ಟೀಮ್ ಯಾವಾಗ ಬದಲಾಗುತ್ತದೆ, ಬೆಂಚಲ್ಲಿ ಕೂತವನಿಗೆ ಆಡೋಕೆ ಸಿಗುತ್ತದಾ.

ಕಷ್ಟಗಳೂ ಇವೆ. ಗ್ರೌಂಡ್ ಪೂರ್ತಿ ಮಣ್ಣು, ಸಣ್ಣ ಕಲ್ಲು, ಮಂಡಿ ಸಿಪ್ಪೆ ಎದ್ದೇಳೋದು ಮಾಮೂಲಿ. ಯಾರದೋ ಫಂಕ್ಷನ್ ಅಂತ ಶಾಮಿಯಾನ ಹಾಕಿದರೆ ಆವತ್ತು ಪ್ರಾಕ್ಟೀಸ್ ಇಲ್ಲ, ಹೇಳೋರೂ ಇಲ್ಲ. ಜಯನಗರದಿಂದ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಹಲಸೂರು ಸ್ಟೇಷನ್‌ಗೆ ಹೋಗಬೇಕು. ಹೋಗಿ ಬರೋದರಲ್ಲೇ ಸಂಜೆ ಮುಗಿಯುತ್ತದೆ.

ದಾಖಲೆ ಎಲ್ಲ ಕಡೆ ಬೇಕು. ಜನನ ಪ್ರಮಾಣಪತ್ರದ ಒರಿಜಿನಲ್, ಆಧಾರ್, ಫೋಟೋ. ಮುಂದೆ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಮಟ್ಟದ ಯೂತ್ ಲೀಗಿಗೆ ಹೋದರೆ ಟಿಡಬ್ಲ್ಯೂ3 ಅಂತ ಒಂದು ಪರೀಕ್ಷೆ ಇದೆ, ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಅಂದಾಜು ಮಾಡುತ್ತಾರೆ. ವಯಸ್ಸು ಕದಿಯುವವರನ್ನು ಹಿಡಿಯೋಕೆ ಇದು. ಬೇಗ ಬೆಳೆದುಬಿಟ್ಟ ಪ್ರಾಮಾಣಿಕ ಹುಡುಗನೂ ಇದರಲ್ಲಿ ಸಿಕ್ಕಿಬೀಳಬಹುದು, ಅದೊಂದು ಬೇಜಾರು.

ಹೆಣ್ಣುಮಕ್ಕಳಿಗಾದರೆ ನನ್ನ ಲೆಕ್ಕ ಬೇರೆ. ನಮ್ಮ ನಾದಿನಿ ತನ್ನ ಮಗಳಿಗೆ ಎಲ್ಲಿ ಸೇರಿಸಲಿ ಅಂತ ಕೇಳಿದಾಗ ನಾನು ಏರಿಯಾ ಕ್ಲಬ್ ಹೇಳಲಿಲ್ಲ. ಅಲ್ಲಿ ಬಟ್ಟೆ ಬದಲಿಸೋಕೆ ಜಾಗ ಇಲ್ಲ, ಟಾಯ್ಲೆಟ್ ಇಲ್ಲ, ಅವಳ ವಯಸ್ಸಿನ ಹುಡುಗಿಯರೂ ಇಲ್ಲ. ಟರ್ಫ್ ಅಕಾಡೆಮಿಗೇ ಹಾಕು, ಆದರೆ ಹುಡುಗಿಯರ ಬ್ಯಾಚಿಗೆ ಎಷ್ಟು ಜನ ನಿಜವಾಗಿ ಬರುತ್ತಾರೆ ಅಂತ ಒಂದು ಶನಿವಾರ ಹೋಗಿ ನಿಂತು ನೋಡು, ಆಮೇಲೆ ದುಡ್ಡು ಕಟ್ಟು ಅಂದೆ.