ವಾಲ್ಯೂಮ್ (ಘನಫಲ) ಕಲಿಸೋ ಕಿಟ್: 100 ಕ್ಯೂಬ್ ಕೊಟ್ಟಿದಾರೆ, 125 ಇರ್ಬೇಕಿತ್ತು
ತುಮಕೂರು ಎಂ.ಜಿ. ರೋಡಲ್ಲಿ ಒಂದು ಸ್ಟೇಷನರಿ ಅಂಗಡೀಲಿ ತಗೊಂಡಿದ್ದು, ಕಂಪ್ನಿ ಹೆಸ್ರು ಬೇಡ ಬಿಡಿ. ಒಂದಕ್ಕೊಂದು ಸಿಕ್ಕಿಸೋ 2 ಸೆಂ.ಮೀ. ಪ್ಲಾಸ್ಟಿಕ್ ಕ್ಯೂಬ್ 100, ಜೊತೆಗೆ ಒಳಗೆ ನೀರು ತುಂಬ್ಸೋಕೆ ಆಗೋ ಸಿಲಿಂಡರ್, ಕೋನ್, ಬಾಕ್ಸ್, ಪಿರಮಿಡ್. ರೇಟು ಜಾಸ್ತೀನೇ, ಎಷ್ಟು ಚೌಕಾಸಿ ಮಾಡಿದ್ರೂ ಅಂಗಡಿಯವ್ರು ಬಗ್ಗಲಿಲ್ಲ. ಬಟವಾಡೀಲಿ ನಮ್ಮನೆಗೆ ಟ್ಯೂಷನ್‌ಗೆ ಬರೋ ನಾಲ್ಕನೇ, ಐದನೇ ಕ್ಲಾಸ್ ಮಕ್ಳಿಗೆ ಅಂತ ತಂದಿದ್ದು.

ಕ್ಯೂಬ್‌ಗಳು ಮಾತ್ರ ಸೂಪರ್. ಚಿತ್ರ ತೋರ್ಸಿ ಎಷ್ಟು ಕ್ಯೂಬ್ ಇದೆ ಅಂದ್ರೆ ಮಕ್ಳು ಕಣ್ಣಿಗೆ ಕಾಣೋ ಚೌಕಗಳನ್ನ ಎಣಿಸಿಬಿಡ್ತಾರೆ, ಉದ್ದ 4 ಅಗಲ 3 ಎತ್ತರ 2 ಇದ್ರೆ ಮೇಲೆ 12, ಮುಂದೆ 8, ಪಕ್ಕದಲ್ಲಿ 6, ಒಟ್ಟು 26 ಅಂತಾರೆ, ಅಂಚಲ್ಲಿರೋದು ಎರಡೆರಡು ಸಲ ಲೆಕ್ಕಕ್ಕೆ ಬಂದಿರತ್ತೆ, ಹಿಂದೆ ಅಡಗಿರೋದು ಬಂದೇ ಇರಲ್ಲ. ಕೈಗೆ ಕೊಟ್ಟು ಕಟ್ಸಿ ನೋಡಿ, ಒಂದು ಪದರಕ್ಕೆ 12, ಎರಡು ಪದರಕ್ಕೆ 24 ಅಂತ ಅವ್ರೇ ಹೇಳ್ತಾರೆ, ಸೂತ್ರ ಬಾಯಿಪಾಠ ಮಾಡ್ಸೋ ತಾಪತ್ರಯಾನೇ ಇಲ್ಲ. ಹಾಂ, 3×3×3 ಕೊಟ್ಟು ಟೆಸ್ಟ್ ಮಾಡ್ಬೇಡಿ, ಅದ್ರಲ್ಲಿ ತಪ್ಪಾಗಿ ಎಣಿಸಿದ್ರೂ 9+9+9 ಆಗಿ ಸರಿ ಉತ್ತರ 27 ಬಂದುಬಿಡತ್ತೆ 😄

ಬೇಜಾರಾಗಿದ್ದು ಎಲ್ಲಿ ಅಂದ್ರೆ, ಜೊತೆಗಿರೋ ಹಾಳೇಲಿ ಒಂದು ಕ್ಯೂಬಿಗೆ 1 ಘನ ಸೆಂ.ಮೀ. ಅಂತ ಹಿಡ್ಕೊಂಡು ಲೆಕ್ಕ ಹಾಕಿದಾರೆ. 2 ಸೆಂ.ಮೀ. ಕ್ಯೂಬಿನ ಘನಫಲ 8 ಘನ ಸೆಂ.ಮೀ. ಅಲ್ವಾ ಸ್ವಾಮಿ? ಸ್ಕೇಲ್ ಇಟ್ಟು ಅಳೆಯೋ ಹುಷಾರ್ ಮಕ್ಳು ಕೇಳೇ ಕೇಳ್ತಾರೆ. ಇನ್ನೊಂದು, 5×5×5 ಜೋಡ್ಸಿದ್ರೆ 10 ಸೆಂ.ಮೀ. ಘನ, ಅಂದ್ರೆ 1000 ಘನ ಸೆಂ.ಮೀ., ಸರಿಯಾಗಿ ಒಂದು ಲೀಟರ್. ಅದನ್ನ ತೋರ್ಸೋಕೆ 125 ಬೇಕು, ಇವ್ರು ಕೊಟ್ಟಿರೋದು 100. ಇನ್ನೊಂದು 25 ಹಾಕಿದ್ರೆ ಗಂಟೇನು ಹೋಗ್ತಿತ್ತೋ!

ಕೋನ್, ಸಿಲಿಂಡರ್ ಎರಡಕ್ಕೂ ಬಾಯಿ ಅಗಲ, ಎತ್ತರ ಒಂದೇ. ಕೋನಲ್ಲಿ ತುಂಬಿ ಸುರಿದ್ರೆ ಎಷ್ಟು ಸಲಕ್ಕೆ ಸಿಲಿಂಡರ್ ತುಂಬತ್ತೆ ಅಂದ್ರೆ ಎಲ್ರೂ ಎರಡು ಅಂದ್ರು, ಆಗಿದ್ದು ಮೂರು. ಐದನೇ ಕ್ಲಾಸಿಗೆ ಇದು ಪಾಠದಲ್ಲಿ ಬೇಕಿಲ್ಲ, ಆದ್ರೂ ಮಕ್ಳ ಮುಖ ನೋಡ್ಬೇಕಿತ್ತು. ಮುಚ್ಚಳದ ಹತ್ರ ನೀರು ಸೋರತ್ತೆ, ಅದಕ್ಕೆ ನಾನು ರಾಗಿ ಹಾಕ್ತೀನಿ, ಪಾವಲ್ಲಿ ಅಳೆಯೋವಾಗ ಕೈಲಿ ಸವರೋ ಹಾಗೆ ಸ್ಕೇಲಲ್ಲಿ ಸವರಿದ್ರೆ ಆಯ್ತು. ಕುಲುಕ್ಬೇಡಿ ಅಷ್ಟೇ, ರಾಗಿ ಕೆಳಗಿಳಿದು ಲೆಕ್ಕ ತಪ್ಪತ್ತೆ.

ಪಿರಮಿಡ್ ಇನ್ನೂ ಡಬ್ಬೀಲೇ ಇದೆ. ಒಂದೇ ಮಗು ಇರೋರು ಪೂರ್ತಿ ಕಿಟ್ ತಗೋಬೇಡಿ, ಬಿಡಿ ಕ್ಯೂಬ್ ಸಿಕ್ರೆ ಸಾಕು. ಟ್ಯೂಷನ್ ಮಾಡೋರು ತಗೊಳ್ಳಿ, ಆ ಹಾಳೆ ಮಾತ್ರ ಮಕ್ಳ ಕೈಗೆ ಕೊಡ್ಬೇಡಿ. 5ಕ್ಕೆ 3.5.