ಜೋಶುವಾ ಟ್ರೀ ಕ್ಯಾಂಪಿಂಗ್ ಪ್ಯಾಕೇಜ್‌ಗೆ ದುಡ್ಡು ಕಳಿಸೋ ಮೊದಲು ಇದನ್ನು ಓದಿ

ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಕಡೆಯ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್ ಟ್ರಿಪ್ ಅಂತ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ದೊಡ್ಡ ಬಂಡೆಗಳ ನಡುವೆ ಟೆಂಟು, ಪಕ್ಕದಲ್ಲಿ ಜೋಶುವಾ ಮರ, ಮೇಲೆ ಆಕಾಶದ ತುಂಬ ನಕ್ಷತ್ರ. ತಲೆಗೆ 140 ಡಾಲರ್. ಅದರ ಮೇಲೆ "ಪಾರ್ಕ್ ಪರ್ಮಿಟ್" ಅಂತ ತಲೆಗೆ ಇನ್ನೂ 35. ನಾವು ಕೊಟ್ಟೆವು. ನನ್ನ ಮಾತು ಕೇಳಿ ಇನ್ನೂ ಮೂರು ಮನೆಯವರು ಕೊಟ್ಟರು. ಅವರ ಮುಖ ನೋಡಲು ನನಗೆ ಈಗಲೂ ಆಗುತ್ತಿಲ್ಲ.

ಟ್ರಿಪ್ ನಡೆಸುವವನನ್ನು ಫೋನಿನಲ್ಲಿ ನಾನು ನೇರವಾಗಿ ಕೇಳಿದ್ದೆ, ಜಾಗ ಎಲ್ಲಿ ಅಂತ. "ಜಂಬೋ ರಾಕ್ಸ್ ಅಕ್ಕಾ, ಪಕ್ಕಾ. ಬುಕಿಂಗ್ ಸಿಗೋದೇ ಕಷ್ಟ, ನಿಮಗೋಸ್ಕರ ಇಟ್ಟಿದ್ದೀನಿ" ಅಂದ. ಜಂಬೋ ರಾಕ್ಸ್ ಗೊತ್ತಲ್ವಾ, ಪಾರ್ಕಿನ ನಡುವೆ 124 ಸೈಟ್ ಇರುವ ಕ್ಯಾಂಪ್‌ಗ್ರೌಂಡ್. ಚಳಿಗಾಲದ ವಾರಾಂತ್ಯಕ್ಕೆ ಅಲ್ಲಿ ಜಾಗ ಸಿಗುವುದು ನಿಜವಾಗಿಯೂ ಕಷ್ಟ. ಅದಕ್ಕೇ ನಂಬಿದೆವು.

ಶುಕ್ರವಾರ ಸಂಜೆ ಅವನು ಕಳಿಸಿದ ಲೊಕೇಶನ್ ಹಿಡಿದು ಹೋದೆವು. ಐ-10 ಹೆದ್ದಾರಿ ಬಿಟ್ಟು ಇಳಿದ ಮೇಲೆ ಪಾರ್ಕಿನ ದಾರಿ ಉತ್ತರಕ್ಕೆ. ಮ್ಯಾಪ್ ನಮ್ಮನ್ನು ದಕ್ಷಿಣಕ್ಕೆ ಕರೆದುಕೊಂಡು ಹೋಯಿತು. ಸ್ವಲ್ಪ ದೂರದಲ್ಲೇ ಬಟಾಬಯಲು. ಮರಳು, ಕುರುಚಲು ಗಿಡ, ಅಲ್ಲಲ್ಲಿ ಬೇರೆಯವರ ವ್ಯಾನು. ಹೆದ್ದಾರಿಯ ಟ್ರಕ್ಕುಗಳ ಸದ್ದು ಟೆಂಟಿನವರೆಗೂ ಕೇಳುತ್ತಿತ್ತು. ಮಗ ಕಾರಿನಿಂದ ಇಳಿದವನೇ "ಅಮ್ಮಾ, ಮರ ಎಲ್ಲಿ?" ಅಂದ. ಒಂದೇ ಒಂದು ಜೋಶುವಾ ಮರ ಇರಲಿಲ್ಲ. ಇರುವುದೂ ಇಲ್ಲ! ಆ ಮರಗಳು ಬೆಳೆಯುವುದು ಪಾರ್ಕಿನೊಳಗೆ ವಾಯವ್ಯ ದಿಕ್ಕಿನಲ್ಲಿ, ಎತ್ತರದ ಮೊಹಾವಿ ಮರುಭೂಮಿಯ ಭಾಗದಲ್ಲಿ. ದಕ್ಷಿಣದ್ದು ತಗ್ಗಿನ ಕೊಲೊರಾಡೊ ಮರುಭೂಮಿ. ಜಂಬೋ ರಾಕ್ಸ್ ಅಲ್ಲಿಂದ ಕಾರಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆಯ ದಾರಿ.

ಟಾಯ್ಲೆಟ್ ಇಲ್ಲ. ಮೇಜು ಇಲ್ಲ. ನೀರು ಇಲ್ಲ. ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಮಂಡಿನೋವು. ರಾತ್ರಿ ಅವರನ್ನು ಗಿಡದ ಮರೆಗೆ ಕರೆದುಕೊಂಡು ಹೋಗಿ, ನಾನು ಶಾಲು ಅಡ್ಡ ಹಿಡಿದು ನಿಂತಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಪಾರ್ಕಿನವರ ಕಾಟನ್‌ವುಡ್ ವಿಸಿಟರ್ ಸೆಂಟರಿಗೆ ಹೋಗಿ ಅವನು ಕೊಟ್ಟ "ಪರ್ಮಿಟ್" ಪಿಡಿಎಫ್ ತೋರಿಸಿದೆ. ರೇಂಜರಮ್ಮ ಫೋನನ್ನು ಹತ್ತಿರ ಹಿಡಿದು ಓದಿದರು, ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ. ಇದು ನಮ್ಮದಲ್ಲ ಅಂದರು. ಪ್ರವೇಶ ಶುಲ್ಕ ಕಾರಿಗೆ 30 ಡಾಲರ್, ಏಳು ದಿನಕ್ಕೆ. ಕಾರಿನಲ್ಲಿ ಎಷ್ಟು ಜನ ಇದ್ದರೂ ಅಷ್ಟೇ. ತಲೆಗೆ ಲೆಕ್ಕವೇ ಇಲ್ಲ. ನಾವು ಮಲಗಿದ್ದ ಬಯಲು ಪಾರ್ಕೂ ಅಲ್ಲ, ಸರ್ಕಾರಿ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಸಾರ್ವಜನಿಕ ಜಾಗ. ಅಲ್ಲಿ ಯಾರು ಬೇಕಾದರೂ 14 ದಿನದವರೆಗೆ ಬಿಟ್ಟಿಯಾಗಿ ಟೆಂಟು ಹಾಕಬಹುದು. ಬಿಟ್ಟಿ ಜಾಗಕ್ಕೆ ತಲೆಗೆ 140! "ದುಡ್ಡು ಯಾರಿಗೆ ಕೊಟ್ಟಿರಿ?" ಅಂತ ಆಕೆ ಮೆಲ್ಲಗೆ ಕೇಳಿದರು. ಆ ಮೂರೂ ಮನೆಯವರು ನನ್ನ ಹಿಂದೆಯೇ ನಿಂತಿದ್ದರು. ಆಮೇಲೆ ಎಲ್ಲರೂ ಮತ್ತೆ 30 ಕಟ್ಟಿ ಒಳಗೆ ಹೋದೆವು.

ಅವನ ಉತ್ತರಗಳನ್ನು ಇದ್ದಂತೆಯೇ ಹಾಕುತ್ತೇನೆ. ಮೊದಲು: "ಟೆನ್ಷನ್ ತಗೋಬೇಡಿ ಅಕ್ಕಾ." ಆಮೇಲೆ: "ಪೋಸ್ಟರಿನಲ್ಲಿ ಜೋಶುವಾ ಟ್ರೀ ಏರಿಯಾ ಅಂತ ಇದೆ, ಪಾರ್ಕ್ ಒಳಗೆ ಅಂತ ಎಲ್ಲಿದೆ?" ಜಂಬೋ ರಾಕ್ಸ್ ಅಂದಿದ್ದೆಯಲ್ಲಪ್ಪಾ ಅಂದರೆ, "ಉದಾಹರಣೆಗೆ ಹೇಳಿದ್ದು." ಪರ್ಮಿಟ್ ದುಡ್ಡು? "ಅದು ಸರ್ವಿಸ್ ಚಾರ್ಜ್." ಕೊನೆಗೆ: "ಮಕ್ಕಳು ಎಂಜಾಯ್ ಮಾಡಿದರಲ್ಲಾ? ನಕ್ಷತ್ರ ಎಲ್ಲಾ ಕಡೆ ಒಂದೇ. ಮುಂದಿನ ಟ್ರಿಪ್‌ಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ." ಇನ್ನೊಂದು ಸಲ ನನ್ನನ್ನು ಅಕ್ಕಾ ಅನ್ನಬೇಡ ಅಂತ ಬರೆದೆ. ಬ್ಲಾಕ್ ಮಾಡಿದ.

ಜೆಲ್‌ನಲ್ಲಿ (Zelle, ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ ದುಡ್ಡು ಕಳಿಸುವ ವ್ಯವಸ್ಥೆ) ಕಳಿಸಿದ ದುಡ್ಡು. ನೀವೇ ಕಳಿಸಿದ್ದು, ವಾಪಸ್ ತರಿಸಲು ಆಗಲ್ಲ ಅಂತ ಬ್ಯಾಂಕಿನವರು ಕೈ ಎತ್ತಿದರು.

ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಪಾರ್ಕಿನ ಕ್ಯಾಂಪ್‌ಗ್ರೌಂಡ್‌ಗಳಾದ ಜಂಬೋ ರಾಕ್ಸ್, ಇಂಡಿಯನ್ ಕೋವ್, ಕಾಟನ್‌ವುಡ್, ಎಲ್ಲವನ್ನೂ ಸರ್ಕಾರದ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ (recreation.gov) ನೀವೇ ಬುಕ್ ಮಾಡಬಹುದು. ಹಿಡನ್ ವ್ಯಾಲಿ ಕ್ಯಾಂಪ್‌ಗ್ರೌಂಡಿನಲ್ಲಿ ಬುಕಿಂಗ್ ಇಲ್ಲ, ಮೊದಲು ಹೋದವರಿಗೆ ಜಾಗ. ಯಾರಾದರೂ ಬುಕಿಂಗ್ ಇದೆ ಅಂದರೆ ಸೈಟ್ ನಂಬರು, ಯಾರ ಹೆಸರಲ್ಲಿದೆ, ಎರಡನ್ನೂ ಬರೆದು ಕೊಡಲು ಹೇಳಿ. ದುಡ್ಡು ತೆಗೆದುಕೊಂಡು ಜನರನ್ನು ಕರೆದುಕೊಂಡು ಹೋಗುವವರಿಗೆ ಪಾರ್ಕಿನಲ್ಲೂ ಆ ಬಯಲಿನಲ್ಲೂ ಸರ್ಕಾರದ ಅನುಮತಿ ಬೇಕು. ಅದನ್ನೂ ಕೇಳಿ.

ನಿನ್ನೆ ಅದೇ ನಂಬರಿನಿಂದ ಡೆತ್ ವ್ಯಾಲಿ ಪೋಸ್ಟರ್ ಬಂದಿದೆ ಅಂತ ಗೆಳತಿ ಕಳಿಸಿದಳು. ಅದರಲ್ಲೂ "ಏರಿಯಾ" ಅಂತಲೇ ಇದೆ. ದುಡ್ಡು ಕಳಿಸಿದವರು ಯಾರಾದರೂ ಇದ್ದರೆ ನನಗೆ ತಿಳಿಸಿ, ಎಲ್ಲರೂ ಸೇರಿ ದೂರು ಕೊಡೋಣ.