ಐದೂಕಾಲು ಇಂಚಿನ ಜೋಡಿಯೋ, ಎಂಟು ಇಂಚಿನ ಒಂಟಿಯೋ: ಮನೆಯಲ್ಲಿ ಕಟ್ಟಿದ ಮೂರು ಸಬ್‌ವೂಫರ್‌ಗಳ ಹೋಲಿಕೆ

ಸಣ್ಣ ಕೋಣೆಗೆ ಸಣ್ಣದೊಂದು ಸಬ್‌ವೂಫರ್, ಅಂದರೆ ಕೆಳಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್, ಕಟ್ಟಿಕೊಳ್ಳಬೇಕೆನ್ನುವವರು ಮೊದಲು ವಿಚಾರಿಸುವುದು ಪೆಟ್ಟಿಗೆ ಎಷ್ಟು ಲೀಟರಿನದಿರಬೇಕು, ಆಂಪ್ಲಿಫೈಯರ್ ಎಷ್ಟು ವ್ಯಾಟಿನದಿರಬೇಕು ಎಂಬುದನ್ನು. ಅಗ್ಗದ ಸಣ್ಣ ಡ್ರೈವರ್‌ಗಳ (ಪೆಟ್ಟಿಗೆಯಲ್ಲಿ ಕೂರಿಸುವ ಸ್ಪೀಕರ್ ಘಟಕಗಳ) ಮಟ್ಟಿಗೆ ಇವೆರಡಕ್ಕಿಂತ ಮೊದಲು ಕೇಳಬೇಕಾದದ್ದು, ಅದರ ಕೋನ್, ಅಂದರೆ ಅಲುಗಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗ, ಎಷ್ಟು ಗಾಳಿಯನ್ನು ತಳ್ಳಬಲ್ಲದು ಎಂದು. ಸದ್ದಿನ ಮಟ್ಟ ಅಷ್ಟೇ ಇರಬೇಕು, ಆದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯಬೇಕು, ಅಂದರೆ 80 ಹರ್ಟ್ಜ್‌ನಿಂದ 40 ಹರ್ಟ್ಜ್‌ಗೆ ಬರಬೇಕು ಎಂದಾದರೆ, ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕಾಗುತ್ತದೆ. ಸಣ್ಣ ಡ್ರೈವರ್ ಸೋಲುವುದು ಇಲ್ಲಿಯೇ. ವ್ಯಾಟ್‌ಗಳು ಮುಗಿಯುವುದಕ್ಕೆ ಎಷ್ಟೋ ಮೊದಲು ಅದರ ಓಡಾಟದ ಮಿತಿ ಮುಗಿದಿರುತ್ತದೆ.

ಈ ಮಿತಿಯೊಳಗೆ ಯಾವ ರಚನೆ ಹೆಚ್ಚು ಕೊಡುತ್ತದೆ ಎಂದು ನೋಡಲು ನಾನು ಹೋಲಿಸಿದ್ದು ಮೂರನ್ನು. ಒಂದೇ ಜೋಡಿ ಐದೂಕಾಲು ಇಂಚಿನ ಡ್ರೈವರ್‌ಗಳನ್ನು ಮೊದಲು 10 ಲೀಟರಿನ ಸೀಲ್ಡ್ (ಪೂರ್ತಿ ಮುಚ್ಚಿದ) ಪೆಟ್ಟಿಗೆಯಲ್ಲಿ, ಆಮೇಲೆ 15 ಲೀಟರಿನ, ಪೋರ್ಟ್ (ಗಾಳಿ ಓಡಾಡುವ ಕೊಳವೆ) ಇರುವ ಪೆಟ್ಟಿಗೆಯಲ್ಲಿ ಕೂರಿಸಿದೆ. ಇವುಗಳ ಎದುರಾಳಿಯಾಗಿ ಎಂಟು ಇಂಚಿನ ಒಂದೇ ಡ್ರೈವರ್‌ಗೆ 20 ಲೀಟರಿನ ಸೀಲ್ಡ್ ಪೆಟ್ಟಿಗೆ ಕಟ್ಟಿದೆ. ಮೂರಕ್ಕೂ 18 ಮಿ.ಮೀ. ಎಂಡಿಎಫ್ ಹಲಗೆ, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, 24 ವೋಲ್ಟಿನ ಒಂದೇ ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡು. ಡ್ರೈವರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡವು; ಎಂಟು ಇಂಚಿನ ಒಂದರ ಬೆಲೆಯೂ ಐದೂಕಾಲು ಇಂಚಿನ ಜೋಡಿಯ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಆದ್ದರಿಂದ ಹೋಲಿಕೆ ನ್ಯಾಯವಾದದ್ದೇ.

ಕೊಳ್ಳುವಾಗ ಅಂಗಡಿಯವರು ಮ್ಯಾಗ್ನೆಟ್ಟಿನ ಗಾತ್ರವನ್ನೇ ತೋರಿಸುತ್ತಾರೆ, ‘ಡಬಲ್ ಮ್ಯಾಗ್ನೆಟ್’ ಎಂದು ಹೇಳಿ ಕೈಗಿಡುತ್ತಾರೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ನೋಡಬೇಕಾದದ್ದು ಕೋನ್‌ನ ಅಂಚನ್ನು: ಮಡಿಕೆ ಮಡಿಕೆಯಾದ ಬಟ್ಟೆಯ ಅಂಚಿದ್ದರೆ ಅದು ಬಹುಮಟ್ಟಿಗೆ ಸಭೆ ಸಮಾರಂಭಗಳ ಧ್ವನಿವರ್ಧಕಕ್ಕೆ ಮಾಡಿದ್ದು, ಜೋರಾಗಿ ಕೂಗುತ್ತದೆ, ಆದರೆ ಕೆಳಗೆ ಇಳಿಯುವುದಿಲ್ಲ. ಉಬ್ಬಿದ ರಬ್ಬರ್ ಅಂಚಿದ್ದು, ಬೆರಳುಗಳಿಂದ ಸಮವಾಗಿ ಒತ್ತಿದಾಗ ಮೆತ್ತಗೆ ಒಳಸರಿದು ಕೆರೆತದ ಸದ್ದಿಲ್ಲದೆ ಮರಳುವಂಥದ್ದು ನಮಗೆ ಬೇಕು.

ಇಂಥ ಡ್ರೈವರ್‌ಗಳಿಗೆ ಅಳತೆಯ ಪಟ್ಟಿ ಸಿಗುವುದಿಲ್ಲವಾದ್ದರಿಂದ ಅಳತೆಯನ್ನು ನಾವೇ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಮಂಡಿಸಿ, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ವಿಸ್ತರಿಸಿದ ಲೆಕ್ಕಗಳು ಇಂದಿಗೂ ಪೆಟ್ಟಿಗೆ ಕಟ್ಟುವವರ ಆಧಾರ. ಅವುಗಳಿಗೆ ಬೇಕಾದ ಸಂಖ್ಯೆಗಳನ್ನು ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್, ಒಂದು ರೆಸಿಸ್ಟರ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ ತಂತ್ರಾಂಶದಿಂದ ಪಡೆಯಬಹುದು. ಮೊದಲು ಡ್ರೈವರನ್ನು ಹಾಗೆಯೇ ಅಳೆದು, ಆಮೇಲೆ ತೂಕ ಗೊತ್ತಿರುವ ನಾಣ್ಯಗಳನ್ನು ಕೋನ್‌ಗೆ ಅಂಟಿಸಿ ಮತ್ತೆ ಅಳೆದರೆ, ಅನುರಣನ (ಕೋನ್ ತಾನಾಗಿಯೇ ಕಂಪಿಸುವ ಆವರ್ತನ) ಎಷ್ಟು ಕೆಳಗೆ ಸರಿಯಿತು ಎಂಬುದರಿಂದ ಉಳಿದದ್ದು ತಿಳಿಯುತ್ತದೆ. ನನ್ನ ಜೋಡಿಗೆ ಬಂದದ್ದು: ಅನುರಣನ 52 ಹರ್ಟ್ಜ್, ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆಂಬುದರ ಸೂಚ್ಯಂಕ) 0.42, ಎರಡರದ್ದೂ ಸೇರಿ ವಿಎಎಸ್ (ಕೋನ್‌ನ ಹಿಡಿಕೆಯಷ್ಟೇ ಸ್ಪ್ರಿಂಗ್‌ತನವಿರುವ ಗಾಳಿಯ ಗಾತ್ರ) 18 ಲೀಟರ್. ಎಂಟು ಇಂಚಿನದಕ್ಕೆ 35 ಹರ್ಟ್ಜ್, 0.50 ಮತ್ತು 40 ಲೀಟರ್. ಕೋನ್ ಒಂದು ಕಡೆಗೆ ವಿರೂಪವಿಲ್ಲದೆ ಸರಿಯಬಲ್ಲ ದೂರ ಸಣ್ಣವುಗಳಲ್ಲಿ ಸುಮಾರು 4 ಮಿ.ಮೀ., ದೊಡ್ಡದರಲ್ಲಿ ಸುಮಾರು 5 ಮಿ.ಮೀ. ಇದನ್ನು ಕೋನ್‌ನ ವಿಸ್ತೀರ್ಣದಿಂದ ಗುಣಿಸಿದರೆ ಜೋಡಿ ತಳ್ಳುವ ಗಾಳಿ 70 ಘನ ಸೆಂ.ಮೀ., ಒಂಟಿ ತಳ್ಳುವುದು 107. ಮುಂದೆ ಕೇಳಿಸಿದ ಬಹುತೇಕ ವ್ಯತ್ಯಾಸಗಳಿಗೆ ಬೇರು ಈ ಎರಡು ಅಂಕಿಗಳಲ್ಲಿಯೇ ಇದೆ.

ಸೀಲ್ಡ್ ಜೋಡಿಯನ್ನು ಕಟ್ಟುವುದು ಎಲ್ಲಕ್ಕಿಂತ ಸುಲಭ. ಆರು ಹಲಗೆ, ಎರಡು ರಂಧ್ರ, ಸಂದುಗಳಿಗೆ ಅಂಟು, ಅಷ್ಟೇ. ಗಾಳಿ ಸೋರುತ್ತಿದೆಯೇ ಎಂದು ನೋಡಲು ಒಂದು ಕೋನನ್ನು ಮೆಲ್ಲಗೆ ಒತ್ತಿದರೆ ಇನ್ನೊಂದು ಹೊರಗೆ ಬರಬೇಕು, ಕೈ ಅಲ್ಲಿಯೇ ಇಟ್ಟಿರುವಷ್ಟು ಹೊತ್ತೂ ಅದು ಹೊರಗೇ ನಿಲ್ಲಬೇಕು. ಹಿಂದಕ್ಕೆ ಜಾರಿತೆಂದರೆ ಎಲ್ಲೋ ಸಂದು ಉಳಿದಿದೆ. 10 ಲೀಟರಿನಲ್ಲಿ ಈ ಜೋಡಿಯ ಅನುರಣನ 87 ಹರ್ಟ್ಜ್‌ಗೆ ಏರಿತು, ಅದೇ ಸೂಚ್ಯಂಕ, ಅಂದರೆ ಕ್ಯೂ, 0.70 ಆಯಿತು. ಕಾಗದದ ಮೇಲೆ ಇದು ಮಾದರಿ ಎನಿಸುವ ಸಂಖ್ಯೆ, ಆದರೆ 87 ಹರ್ಟ್ಜ್‌ನಿಂದಲೇ ಇಳಿಯತೊಡಗುವ ಪೆಟ್ಟಿಗೆಯನ್ನು ಸಬ್‌ವೂಫರ್ ಎನ್ನಲು ಸಂಕೋಚವಾಗುತ್ತದೆ. ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅವರ ಹೆಸರಿನಲ್ಲಿರುವ, ಕೆಳಸ್ವರಗಳನ್ನು ಲೆಕ್ಕದಂತೆ ಎತ್ತಿಕೊಡುವ ಪರಿವರ್ತನೆಯಿಂದ ಇದನ್ನು 40 ಹರ್ಟ್ಜ್‌ವರೆಗೆ ಎಳೆಯಬಹುದು, ಅದಕ್ಕೆ ಕೆಳತುದಿಯಲ್ಲಿ 13.5 ಡೆಸಿಬೆಲ್ ಹೆಚ್ಚಳ ಬೇಕು, ಎಂದರೆ ಸುಮಾರು 22 ಪಟ್ಟು ಶಕ್ತಿ. ಅಷ್ಟು ಕೊಟ್ಟರೂ 70 ಘನ ಸೆಂಟಿಮೀಟರಿನ ಮಿತಿ ಮಿತಿಯೇ: ನೆಲದ ಮೇಲಿಟ್ಟು ಒಂದು ಮೀಟರ್ ದೂರದಲ್ಲಿ 40 ಹರ್ಟ್ಜ್‌ಗೆ ಲೆಕ್ಕದ ಪ್ರಕಾರ 89 ಡೆಸಿಬೆಲ್ ದಾಟುವುದಿಲ್ಲ. 60 ಹರ್ಟ್ಜ್‌ನಲ್ಲಿ ಮಾತ್ರ ಅದೇ ಜೋಡಿ 96 ಮುಟ್ಟುತ್ತದೆ. ಸಂಗೀತ ಕಚೇರಿ ಕೇಳುವವರಿಗೆ ಇದು ಸಾಕು, ಏಕೆಂದರೆ ಮೃದಂಗದ ತೊಪ್ಪಿಯ (ಎಡಮುಖದ) ಗುಮ್ಕಿ ನಾದ ಬಹುಪಾಲು ಈ ಗಡಿಗಿಂತ ಮೇಲೆಯೇ ಇರುತ್ತದೆ, ಮತ್ತು ಈ ಪೆಟ್ಟಿಗೆಯಲ್ಲಿ ಅದು ಅಚ್ಚುಕಟ್ಟಾಗಿ ಎದ್ದು ನಿಂತಿತು. ನಾಲ್ಕು ತಂತಿಯ ಬಾಸ್ ಗಿಟಾರಿನ ಅತಿ ಕೆಳಗಿನ ಸ್ವರ, 41 ಹರ್ಟ್ಜ್‌ನದ್ದು, ಬಂದಾಗ ಮಾತ್ರ ವಾಲ್ಯೂಮ್ ತಗ್ಗಿಸಬೇಕಾಯಿತು.

ಪೋರ್ಟ್ ಇರುವ ಪೆಟ್ಟಿಗೆಗೆ ಹೆಚ್ಚು ಲೆಕ್ಕ, ಹೆಚ್ಚು ಕೆಲಸ, ಪ್ರತಿಫಲವೂ ಹೆಚ್ಚು. 15 ಲೀಟರನ್ನು 40 ಹರ್ಟ್ಜ್‌ಗೆ ಶ್ರುತಿ ಮಾಡಲು 5 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪು ಸುಮಾರು 21 ಸೆಂ.ಮೀ. ಉದ್ದವಿರಬೇಕು. ಗಾಳಿ ಸರಾಗವಾಗಿ ಹೋಗಲೆಂದು ಏಳೂವರೆ ಸೆಂ.ಮೀ. ಪೈಪು ಹಾಕಹೊರಟರೆ ಉದ್ದ 49 ಸೆಂ.ಮೀ. ಆಗುತ್ತದೆ, ಇಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಅದನ್ನು ಎಲ್ಬೋ ಹಾಕಿ ಬಗ್ಗಿಸದೆ ತೂರಿಸಲಾಗದು. ನಾನು ಸಣ್ಣ ಪೈಪನ್ನೇ ಆರಿಸಿಕೊಂಡೆ, ಎರಡೂ ತುದಿಗಳನ್ನು ಬಿಸಿ ಮಾಡಿ ಹೊರಕ್ಕೆ ಅರಳಿಸಿದೆ. ಪೈಪನ್ನು ಮೊದಲು ಬೇಕಾದ್ದಕ್ಕಿಂತ ಎರಡು ಸೆಂ.ಮೀ. ಹೆಚ್ಚು ಉದ್ದವಾಗಿಯೇ ಕತ್ತರಿಸಿಕೊಂಡು, ಅಳೆಯುತ್ತಾ ಕಡಿಮೆ ಮಾಡುತ್ತಾ ಹೋಗುವುದು ಒಳ್ಳೆಯದು.

ಈ ಪೆಟ್ಟಿಗೆ ಏನು ಮಾಡುತ್ತದೆಂಬುದನ್ನು ಕಣ್ಣಾರೆ ಕಾಣಬಹುದು. 40 ಹರ್ಟ್ಜ್‌ನ ಶುದ್ಧ ಸ್ವರ ಕೊಟ್ಟು ಪೋರ್ಟಿನ ಬಾಯಿಗೆ ಊದುಬತ್ತಿ ಹಿಡಿದರೆ ಹೊಗೆ ಚೆಲ್ಲಾಪಿಲ್ಲಿಯಾಗುತ್ತದೆ, ಆದರೆ ಕೋನ್‌ಗಳು ಮಾತ್ರ ಬಹುತೇಕ ಅಲುಗದೆ ನಿಂತಿರುತ್ತವೆ. ಸ್ವರವನ್ನು 60ಕ್ಕೆ ಏರಿಸಿದರೆ ಕೋನ್‌ಗಳು ಓಡಾಡತೊಡಗುತ್ತವೆ, ಹೊಗೆ ಸಮಾಧಾನವಾಗುತ್ತದೆ. ಅತಿ ಹೆಚ್ಚು ಓಡಾಟ ಬೇಕಾದ ಆವರ್ತನದಲ್ಲಿ ಆ ಕೆಲಸವನ್ನು ಪೈಪಿನೊಳಗಿನ ಗಾಳಿ ವಹಿಸಿಕೊಳ್ಳುತ್ತದೆ. ಸಣ್ಣ ಡ್ರೈವರ್‌ಗೆ ಪೋರ್ಟ್ ಅಲಂಕಾರವಲ್ಲ, ಅಗತ್ಯ ಎಂದು ನಾನು ಹೇಳುವುದು ಇದಕ್ಕೇ. ಅಳತೆಯಲ್ಲಿ ಸುಮಾರು 50 ಹರ್ಟ್ಜ್‌ವರೆಗೆ ಸಮತಟ್ಟಾಗಿದ್ದು, ಅಲ್ಲಿಂದ 40ರವರೆಗೆ ಮೆಲ್ಲಗೆ ಇಳಿಯಿತು. ಹೊಸ ಮಿತಿ ಪೈಪಿನದು: 40 ಹರ್ಟ್ಜ್‌ನಲ್ಲಿ 95 ಡೆಸಿಬೆಲ್ ಹತ್ತಿರ ಬಂದಾಗ ಅದರೊಳಗಿನ ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ಮುಟ್ಟುತ್ತದೆ, ಅಲ್ಲಿಂದಾಚೆ ‘ಫಸ್ ಫಸ್’ ಎನ್ನುವ ಉಸಿರು ಕೇಳಿಸುತ್ತದೆ. ಆದರೂ ಸೀಲ್ಡ್ ಪೆಟ್ಟಿಗೆಗಿಂತ ಐದಾರು ಡೆಸಿಬೆಲ್ ಹೆಚ್ಚು, ಅದೂ ಹೆಚ್ಚುವರಿ ಶಕ್ತಿಯನ್ನು ಸುರಿಯದೆ.

ಇದರ ಅಪಾಯವಿರುವುದು ಶ್ರುತಿಯ ಕೆಳಗೆ. 40 ಹರ್ಟ್ಜ್‌ಗಿಂತ ಕೆಳಗಿಳಿಯುತ್ತಿದ್ದಂತೆ ಪೆಟ್ಟಿಗೆಯೊಳಗಿನ ಗಾಳಿಯ ಹಿಡಿತ ತಪ್ಪಿ ಕೋನ್ ಮನಬಂದಂತೆ ಓಡಾಡುತ್ತದೆ, ಚಲನಚಿತ್ರದ ಒಂದು ಸ್ಫೋಟದ ದೃಶ್ಯಕ್ಕೆ ವಾಯ್ಸ್ ಕಾಯಿಲ್ (ಕೋನ್‌ಗೆ ಅಂಟಿದ ತಂತಿಸುರುಳಿ) ಹಿಂದಿನ ತಗಡಿಗೆ ಬಡಿಯಬಹುದು. ಆದ್ದರಿಂದ 35 ಹರ್ಟ್ಜ್ ಆಸುಪಾಸಿನಲ್ಲಿ ಅದಕ್ಕಿಂತ ಕೆಳಗಿನ ಸ್ವರಗಳನ್ನು ತಡೆಯುವ ಕಡಿದಾದ ಹೈಪಾಸ್ ಫಿಲ್ಟರ್ ಕಡ್ಡಾಯ. ಪೇಟೆಯಲ್ಲಿ ಸಿಗುವ, 4558 ಐಸಿ ಇರುವ ಅಗ್ಗದ ಸಬ್‌ವೂಫರ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮೇಲಿನ ಸ್ವರಗಳನ್ನು ತಡೆಯುವ ಲೋಪಾಸ್ ಮಾತ್ರ ಇರುತ್ತದೆ. ಎಡಿಎಯು1701 ಚಿಪ್‌ನ ಡಿಎಸ್‌ಪಿ (ಧ್ವನಿಯನ್ನು ಡಿಜಿಟಲ್ ಆಗಿ ತಿದ್ದುವ) ಬೋರ್ಡು, ಅಥವಾ ಕಂಪ್ಯೂಟರಿನಿಂದಲೇ ಕೇಳುವವರಿಗೆ ಈಕ್ವಲೈಸರ್ ಎಪಿಒ ಎಂಬ ತಂತ್ರಾಂಶ, ಈ ಕೊರತೆಯನ್ನು ತುಂಬುತ್ತದೆ. ಫಿಲ್ಟರ್ ಹಾಕುವ ಮನಸ್ಸಿಲ್ಲದವರು ಪೋರ್ಟಿನ ಗೊಡವೆಗೆ ಹೋಗದಿರುವುದೇ ಲೇಸು.

ಎಂಟು ಇಂಚಿನ ಸೀಲ್ಡ್ ಪೆಟ್ಟಿಗೆ 61 ಹರ್ಟ್ಜ್‌ನಲ್ಲಿ ನೆಲೆಗೊಂಡಿತು, ಕ್ಯೂ 0.87, ಸ್ವಲ್ಪ ಉಬ್ಬು ಇತ್ತು, ಕೋಣೆಯಲ್ಲಿ ಅದು ದೋಷವಾಗಿ ಕಾಣಲಿಲ್ಲ. 40ಕ್ಕೆ ಎಳೆಯಲು 7 ಡೆಸಿಬೆಲ್ ಸಾಕಾಯಿತು, ಅಲ್ಲಿ ಅದರ ಮಿತಿ 93 ಡೆಸಿಬೆಲ್. ಇಳಿತ ನಿಧಾನವಾದ್ದರಿಂದ 30 ಹರ್ಟ್ಜ್‌ನ ಗುಡುಗೂ ಮೆಲುವಾಗಿ ಕೇಳಿಸುತ್ತದೆ, ಪೋರ್ಟ್ ಇರುವ ಜೋಡಿಯಲ್ಲಿ ಅದು ಇಲ್ಲವೇ ಇಲ್ಲ. ಡೊಳ್ಳಿನ ಧ್ವನಿಮುದ್ರಣವೊಂದರಲ್ಲಿ ಮೂರನ್ನೂ ಒಂದರ ಹಿಂದೊಂದು ಕೇಳಿದಾಗ, ಏಟಿನ ತೂಕ ಪೋರ್ಟ್ ಇರುವ ಜೋಡಿಯಲ್ಲಿ ಹೆಚ್ಚು, ಏಟಿನ ಬಳಿಕ ಉಳಿಯುವ ಗುಂಯ್‌ಗುಡುವಿಕೆಯ ಆಳ ಎಂಟು ಇಂಚಿನಲ್ಲಿ ಹೆಚ್ಚು ಎನಿಸಿತು. ಸೀಲ್ಡ್ ಜೋಡಿ ಈ ಸ್ಪರ್ಧೆಯಲ್ಲಿ ಹಿಂದೆ ಉಳಿಯಿತು.

ಆದರೆ ಜೋಡಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಕಡೆಗಣಿಸುವಂತಿಲ್ಲ. ಎರಡು ಡ್ರೈವರ್‌ಗಳನ್ನು ಎದುರುಬದುರು ಹಲಗೆಗಳಲ್ಲಿ ಕೂರಿಸಿ, ಒಂದೇ ಧ್ರುವತೆಯಲ್ಲಿ ತಂತಿ ಕೊಟ್ಟರೆ ಎರಡೂ ಒಟ್ಟಿಗೆ ಹೊರಬರುತ್ತವೆ, ಒಟ್ಟಿಗೆ ಒಳಸರಿಯುತ್ತವೆ, ಹಲಗೆಗಳ ಮೇಲಿನ ಪ್ರತಿಬಲ ಪರಸ್ಪರ ವಜಾ ಆಗುತ್ತದೆ. ಪೆಟ್ಟಿಗೆಯ ಮೇಲೆ ನೀರು ತುಂಬಿದ ಲೋಟ ಇಟ್ಟು ನೋಡಿದೆ: ಎಂಟು ಇಂಚಿನದರ ಮೇಲೆ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಎದ್ದು ಲೋಟ ನಿಧಾನವಾಗಿ ಅಂಚಿನತ್ತ ಸರಿಯಿತು, ಜೋಡಿಯ ಮೇಲೆ ಅಷ್ಟೇ ಸದ್ದಿಗೆ ನೀರು ಮಿಸುಕಲಿಲ್ಲ. ಹಗುರವಾದ ಪೆಟ್ಟಿಗೆಯನ್ನು ಮೇಜಿನ ಕೆಳಗೋ, ಪುಸ್ತಕದ ಕಪಾಟಿನಲ್ಲೋ ಇಡುವವರಿಗೆ ಇದು ದೊಡ್ಡ ವಿಷಯ. ಮಹಡಿ ಮನೆಯ ಕೆಳಗಿನವರಿಗೂ ನೆಲದ ಮೂಲಕ ಹೋಗುವ ನಡುಕ ಕಡಿಮೆಯಾಗುತ್ತದೆ.

ಎರಡು ಡ್ರೈವರ್‌ಗಳನ್ನು ಒಂದರ ಹಿಂದೊಂದು ಕೂರಿಸುವ ಐಸೋಬ್ಯಾರಿಕ್ ವಿಧಾನದ ಬಗ್ಗೆ ಹಲವರಿಗೆ ಆಸೆಯಿದೆ. ಅದರಿಂದ ಪೆಟ್ಟಿಗೆ ಅರ್ಧವಾಗುವುದು ನಿಜ, ಆದರೆ ಹೊರಗಿನ ಗಾಳಿಯನ್ನು ತಳ್ಳುವುದು ಒಂದೇ ಕೋನ್. ನಮ್ಮ ಕೊರತೆ ಇರುವುದೇ ಅಲ್ಲಿ. ಪೈಪಿನ ಬದಲು ಪ್ಯಾಸಿವ್ ರೇಡಿಯೇಟರ್ (ಕಾಯಿಲ್, ಮ್ಯಾಗ್ನೆಟ್ ಇಲ್ಲದೆ ಪೆಟ್ಟಿಗೆಯೊಳಗಿನ ಗಾಳಿಯಿಂದಲೇ ಅಲುಗುವ ಕೋನ್) ಬಳಸಿದರೆ ಉಸಿರಿನ ಸದ್ದು ತಪ್ಪುತ್ತದೆ, ಆದರೆ ಅದರ ಕೋನ್ ಡ್ರೈವರ್‌ಗಳಿಗಿಂತ ಸುಮಾರು ಎರಡು ಪಟ್ಟು ಗಾಳಿ ತಳ್ಳುವಷ್ಟು ದೊಡ್ಡದಿರಬೇಕು, ಆಗ ‘ಅಗ್ಗ’ ಎಂಬ ಮಾತು ಉಳಿಯುವುದಿಲ್ಲ.

ಆಂಪ್ಲಿಫೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಪಿಎ3116 ಚಿಪ್‌ನ ಬೋರ್ಡುಗಳ ಮೇಲೆ ಏನೇ ಅಚ್ಚಾಗಿರಲಿ, 24 ವೋಲ್ಟ್ ಕೊಟ್ಟು 4 ಓಮ್ ಭಾರ ಹಾಕಿದರೆ ಸಿದ್ಧಾಂತದಲ್ಲಿಯೂ 72 ವ್ಯಾಟ್‌ಗಿಂತ ಹೆಚ್ಚು ಶುದ್ಧ ಶಕ್ತಿ ಸಿಗದು, ಮತ್ತು ಪೋರ್ಟ್ ಇರುವ ಜೋಡಿಗೆ ಅಷ್ಟೂ ಬೇಕಾಗಲಿಲ್ಲ. 8 ಓಮ್‌ನ ಎರಡು ಡ್ರೈವರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಸರಿಯಾಗಿ 4 ಓಮ್ ಆಗುತ್ತದೆ.

ನನ್ನ ಕೋಣೆಯಲ್ಲಿ ಉಳಿದುಕೊಂಡದ್ದು ಪೋರ್ಟ್ ಇರುವ ಜೋಡಿ. 20 ಲೀಟರಿಗೆ ಜಾಗವಿದ್ದು, ಸಿನಿಮಾವೇ ಮುಖ್ಯವಾದವರಿಗೆ ಎಂಟು ಇಂಚನ್ನೇ ಹೇಳುತ್ತೇನೆ. ಸೀಲ್ಡ್ ಜೋಡಿಯನ್ನು ಮೂರು ಇಂಚಿನ ಮೇಜಿನ ಸ್ಪೀಕರ್‌ಗಳಿಗೆ ನೆರವಾಗಿ, 120 ಹರ್ಟ್ಜ್‌ನಿಂದ ಕೆಳಗೆ ಮಾತ್ರ ನುಡಿಸುವುದಾದರೆ ಒಪ್ಪಬಹುದು, ಆದರೆ ಆಗ ಅದು ಕೇಳುಗರ ಹತ್ತಿರವೇ, ಸ್ಪೀಕರ್‌ಗಳ ಸಾಲಿನಲ್ಲಿಯೇ ಇರಬೇಕು, ಇಲ್ಲವಾದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ತಿಳಿದುಬಿಡುತ್ತದೆ. ಉಳಿದೆರಡನ್ನು 80 ಹರ್ಟ್ಜ್‌ನಿಂದ ಕೆಳಗೆ ಮಾತ್ರ ನುಡಿಸಿ ಮೂಲೆಗೆ ಸರಿಸಿದರೆ ಗೋಡೆಗಳಿಂದ ಕೆಲವು ಡೆಸಿಬೆಲ್ ಬಿಟ್ಟಿಯಾಗಿ ಸಿಗುತ್ತದೆ. ಪೋರ್ಟಿನ ಬಾಯಿ ಮಾತ್ರ ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ.